ಹೊಳೆಯುವ ನೆಲ ನೋಡಿ ಮರುಳಾಗಬೇಡಿ

28 ವರ್ಷದ ತಮ್ಮನಿಗೆ ಬೌದ್ಧಿಕ ಅಂಗವೈಕಲ್ಯವಿದೆ, ನೋಡಿದ ವಸತಿ ಕೇಂದ್ರ ತುಂಬಾ ಸ್ವಚ್ಛವಾಗಿದೆ, ನಂಬಬಹುದಾ ಅಂತ ಕೇಳಿದ್ದೀರಿ. ಸ್ವಚ್ಛತೆ ಬೇಕು, ನಿಜ. ಆದರೆ ಯಾರೋ ಬರುತ್ತಾರೆ ಅಂದಾಗ ನೆಲ ಒರೆಸುವುದು ಸುಲಭ, ಅಲ್ವಾ?

ಇನ್ನೊಮ್ಮೆ ಹೋಗಿ, ಸಂಜೆ ಹೊತ್ತು. ತಮ್ಮನನ್ನೂ ಕರೆದುಕೊಂಡು ಹೋಗಿ. ಒಂದು ಗಂಟೆ ಸುಮ್ನೆ ಕೂತು ನೋಡಿ. ಸಿಬ್ಬಂದಿ ಅಲ್ಲಿರುವವರ ಜೊತೆ ಮಾತಾಡುತ್ತಾರಾ, ಇಲ್ಲಾ ಅವರ ತಲೆಯ ಮೇಲಿಂದ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರಾ? ಒಳಗೆ ಹೋಗುವ ಮೊದಲು ಬಾಗಿಲು ತಟ್ಟುತ್ತಾರಾ? ಅಲ್ಲಿರುವ ವಯಸ್ಕರೆಲ್ಲ ಏಳೂವರೆಗೇ ಮಲಗಿಬಿಡುತ್ತಾರೆ ಅಂದರೆ, ಆ ಮನೆ ನಡೆಯುವುದು ಸಿಬ್ಬಂದಿಯ ಪಾಳಿಗೆ ತಕ್ಕಂತೆ. ಎಲ್ಲಿ, ಯಾರ ಜೊತೆ ಬಾಳಬೇಕು ಅನ್ನುವ ಆಯ್ಕೆ ಅಂಗವಿಕಲರಿಗೂ ಇದೆ ಅಂತ 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 19ನೇ ವಿಧಿಯೇ ಹೇಳುತ್ತದೆ.

ನನ್ನ ಪ್ರಕಾರ ಜಾಸ್ತಿ ಕೆದಕಬೇಕಾದ್ದು ಆರೋಗ್ಯದ ವಿಷಯ. ಮಾತು ಬಾರದವರು ಹಲ್ಲುನೋವಿಗೋ ಮಲಬದ್ಧತೆಗೋ ತಲೆ ಚಚ್ಚಿಕೊಳ್ಳಬಹುದು, ಪಕ್ಕದವರನ್ನು ಕಚ್ಚಬಹುದು. ಒಳ್ಳೆಯ ಕಡೆ ಮೊದಲು ನೋವು ಎಲ್ಲಿದೆ ಅಂತ ಹುಡುಕುತ್ತಾರೆ. ಕೆಟ್ಟ ಕಡೆ "ಅವನು ಇರೋದೇ ಹಾಗೆ" ಅಂತ ಮಂಪರಿನ ಮಾತ್ರೆ ಕೊಟ್ಟು ಕೂರಿಸುತ್ತಾರೆ. ಇಂಥ ಮಾತ್ರೆ ಎಷ್ಟು ಜನರಿಗೆ ಕೊಡುತ್ತಿದ್ದೀರಿ, ಅದು ಇನ್ನೂ ಬೇಕಾ ಅಂತ ವೈದ್ಯರು ಎಷ್ಟು ತಿಂಗಳಿಗೊಮ್ಮೆ ನೋಡುತ್ತಾರೆ ಅಂತ ನೇರವಾಗಿ ಕೇಳಿ. ನಡುರಾತ್ರಿ ಫಿಟ್ಸ್ ಬಂದರೆ, ತುತ್ತು ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಅಂತಲೂ ಕೇಳಿ. ಮ್ಯಾನೇಜರ್‌ನನ್ನಲ್ಲ, ಪಾಳಿಯಲ್ಲಿರುವ ಹುಡುಗನನ್ನೇ ಕೇಳಿ.

ಕಳೆದ ವರ್ಷ ಎಷ್ಟು ಸಿಬ್ಬಂದಿ ಕೆಲಸ ಬಿಟ್ಟರು ಅಂತ ವಿಚಾರಿಸಿ. ಮುಂದೆ ಹೇಳದೇ ಕೇಳದೇ ಬರಬಹುದಾ ಅಂದಾಗ ಮುಖ ಗಂಟಿಕ್ಕಿದರೆ, ನಾನಾದರೆ ಬೇರೆ ಕಡೆ ಹುಡುಕುತ್ತೇನೆ.