1998ರಲ್ಲಿ ಮೈನಸ್ 18 ಹುಲಿ!

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸ್. ರೇಖಾತ್ಮಕ ಸಮೀಕರಣದ ಪಾಠಕ್ಕೆ ಪ್ರಾಜೆಕ್ಟ್ ಮಾಡ್ತಿದ್ದಾಳೆ. ಕರ್ನಾಟಕದಲ್ಲಿ 2010ರಲ್ಲಿ 300 ಹುಲಿ, 2014ರಲ್ಲಿ 406. ಈ ಎರಡು ಚುಕ್ಕೆ ಸೇರಿಸಿ ಗೆರೆ ಎಳೆದು 2050ರವರೆಗೂ ಹೋಗಿದ್ದಾಳೆ. 1360 ಹುಲಿ ಬಂದಿದೆ. ಅವಳಪ್ಪನಿಗೆ ಖುಷಿ, ನನಗೆ ಅನುಮಾನ. ಲೆಕ್ಕ ತಪ್ಪಿದೆಯಾ?

ಉತ್ತರ: ಲೆಕ್ಕ ಸರಿಯಾಗಿದೆ. ನಿಮ್ಮ ಅನುಮಾನವೂ ಸರಿಯಾಗಿದೆ.

ನಾಲ್ಕು ವರ್ಷಕ್ಕೆ 106 ಹುಲಿ ಜಾಸ್ತಿ, ಅಂದರೆ ವರ್ಷಕ್ಕೆ 26.5. 2010ನ್ನು ಸೊನ್ನೆ ಅಂತ ಹಿಡಿದರೆ ಸಮೀಕರಣ ಇಷ್ಟೇ: ಹುಲಿ = 300 + 26.5 × ವರ್ಷ. ವರ್ಷದ ಜಾಗಕ್ಕೆ 8 ಹಾಕಿ, 2018ಕ್ಕೆ 512 ಬರುತ್ತದೆ. ಆ ವರ್ಷದ ಗಣತಿ ಹೇಳಿದ್ದು 524. ಪರವಾಗಿಲ್ಲ, ಅಲ್ವಾ? ಈಗ 12 ಹಾಕಿ. 2022ಕ್ಕೆ ಗೆರೆ 618 ಅನ್ನುತ್ತದೆ, ಗಣತಿಯಲ್ಲಿ ಬಂದಿದ್ದು ಬರೀ 563.

ಹಿಂದಕ್ಕೆ ಹೋದರೆ ಇನ್ನೂ ಮಜಾ. 2006ಕ್ಕೆ 194 ಬರುತ್ತದೆ, ಗಣತಿಯಲ್ಲಿದ್ದದ್ದು 290. ಅದೇ ಗೆರೆಯನ್ನು 1998ರವರೆಗೆ ಎಳೆದರೆ ರಾಜ್ಯದಲ್ಲಿ ಮೈನಸ್ 18 ಹುಲಿ! ನಾಗರಹೊಳೆಯ ಹುಲಿಗಳಿಗೆ ಇದು ಗೊತ್ತಿರಲಿಲ್ಲ, ಆಗಲೂ ಓಡಾಡಿಕೊಂಡೇ ಇದ್ದವು.

ಮಗಳು 2010 ಮತ್ತು 2014ರ ಬದಲು 2006 ಮತ್ತು 2010ರ ಚುಕ್ಕೆ ಹಿಡಿದಿದ್ದರೆ? ವರ್ಷಕ್ಕೆ ಎರಡೂವರೆ ಹುಲಿಯಷ್ಟೇ ಏರಿಕೆ, 2050ಕ್ಕೆ 400. ಅದೇ ಕಾಡು, ಅದೇ ಹುಲಿ, ಒಂದು ಗೆರೆ 400 ಅನ್ನುತ್ತದೆ, ಇನ್ನೊಂದು 1360. ಎರಡು ಚುಕ್ಕೆ ಇದ್ದ ಮೇಲೆ ಸರಳ ರೇಖೆ ಬಂದೇ ಬರುತ್ತದೆ, ಅದಕ್ಕೂ ಕಾಡಿಗೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಗೆರೆ ಯಾಕೆ ಸೋಲುತ್ತದೆ ಅಂದರೆ, ಹುಲಿ 300 ಇರಲಿ 1300 ಇರಲಿ, ವರ್ಷಕ್ಕೆ ಅಷ್ಟೇ ಹುಲಿ ಸೇರುತ್ತವೆ ಅಂತ ಅದು ನಂಬಿರುತ್ತದೆ. ನಿಜದಲ್ಲಿ ಜಾಗ, ಬೇಟೆ ಎರಡೂ ಧಾರಾಳವಾಗಿದ್ದಾಗ ಮರಿ ಹಾಕುವ ಹುಲಿಗಳು ಹೆಚ್ಚಿದ ಹಾಗೆ ಏರಿಕೆಯೂ ಜೋರಾಗುತ್ತದೆ. ಆಮೇಲೆ ಜಾಗ ಸಾಲುವುದಿಲ್ಲ. ಪ್ರತಿ ಹೆಣ್ಣು ಹುಲಿಗೂ ತನ್ನದೇ ಗಡಿ ಬೇಕು, ಬೆಳೆದ ಮರಿಗಳು, ಅದರಲ್ಲೂ ಗಂಡು, ಹೊಸ ಜಾಗ ಹುಡುಕಿಕೊಂಡು ಹೊರಡಬೇಕು, ಬಂಡೀಪುರ, ನಾಗರಹೊಳೆಯಂಥ ಕಡೆ ಒಳಗೆ ಜಾಗ ಸಿಗದವು ಕಾಡಂಚಿಗೆ, ಕೊಡಗಿನ ಕಾಫಿ ತೋಟಕ್ಕೆ ಬರುತ್ತವೆ. ಗಣತಿಯ ಅಂಕಿಯಲ್ಲೂ ಏರಿಕೆ ನಿಧಾನವಾಗಿದ್ದು ಕಾಣುತ್ತದೆ: 2014ರಿಂದ 2018ಕ್ಕೆ 118 ಹೆಚ್ಚಿದ್ದವು, ಮುಂದಿನ ನಾಲ್ಕು ವರ್ಷಕ್ಕೆ 39.

ಹಾಗಂತ ಗೆರೆ ಅಳಿಸಬೇಡಿ. 2012ರಲ್ಲಿ ಸುಮಾರು ಎಷ್ಟಿದ್ದಿರಬಹುದು ಅಂತ ಕೇಳಿದರೆ 353 ಅನ್ನುವುದು ಒಳ್ಳೆಯ ಅಂದಾಜೇ. ಎರಡು ಗಣತಿಗಳ ನಡುವೆ ಗೆರೆ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ರಾಫಿನಲ್ಲಿ ಐದೂ ಚುಕ್ಕೆ ಇಡಲು ಹೇಳಿ: 290, 300, 406, 524, 563. ಗೆರೆ 2014ಕ್ಕೆ ನಿಲ್ಲಲಿ, ಅದರಾಚೆ ಚುಕ್ಕೆಚುಕ್ಕೆಯಾಗಿ ಎಳೆಯಲಿ.

ಪ್ರಶ್ನೆ: ಇಪ್ಪತ್ತಾರೂವರೆ ಹುಲಿ ಅಂದ್ರೆ ಏನು ಸರ್? ಅರ್ಧ ಹುಲಿ ಎಲ್ಲಿರುತ್ತೆ? (ಇದು ಅದೇ ಮಗಳ ಪ್ರಶ್ನೆ.)

ಉತ್ತರ: ಎಲ್ಲೂ ಇರಲ್ಲಮ್ಮ, ಅದು ಸರಾಸರಿ. ಒಂದು ವರ್ಷ 40 ಹೆಚ್ಚಿರಬಹುದು, ಇನ್ನೊಂದು ವರ್ಷ 10. ಗಣತಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವುದರಿಂದ ನಡುವಿನ ಏರಿಳಿತ ಅದರಲ್ಲಿ ಕಾಣುವುದಿಲ್ಲ. ಇನ್ನೊಂದು ವಿಷಯ, 563 ಕೂಡ ಒಂದೊಂದಾಗಿ ಎಣಿಸಿದ್ದಲ್ಲ. ಕ್ಯಾಮೆರಾಗೆ ಸಿಕ್ಕ ಹುಲಿಗಳನ್ನು ಮೈಮೇಲಿನ ಪಟ್ಟೆ ನೋಡಿ ಗುರುತಿಸುತ್ತಾರೆ, ಸಿಗದವು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತಾರೆ. ಪ್ರಾಜೆಕ್ಟಿನಲ್ಲಿ 'ಸುಮಾರು' ಅಂತ ಸೇರಿಸು, ಮಾರ್ಕ್ಸ್ ಕಡಿಮೆ ಆಗಲ್ಲ.