ಒಬ್ಬೊಬ್ಬರಿಗೇ ಪಾಲಿಸಿ ಹಚ್ಚಬೇಡಿ

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಮೂರು ಸಾವಿರದಷ್ಟು ಮಂದಿ ಮೈಕ್ರೋಸಾಫ್ಟ್ ಟೀಮ್ಸ್ ಬಳಸುತ್ತಾರೆ. ಮೀಟಿಂಗ್ ರೆಕಾರ್ಡ್ ಮಾಡುವ ಅವಕಾಶ ವ್ಯವಸ್ಥಾಪಕರಿಗೆ ಮಾತ್ರ ಇರಲಿ ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಟೀಮ್ಸ್ ನಿರ್ವಹಿಸುವ ಜಾಲತಾಣವಾದ ಅಡ್ಮಿನ್ ಸೆಂಟರ್‌ನಲ್ಲಿ ಒಬ್ಬೊಬ್ಬರ ಪುಟ ತೆರೆದು ಪಾಲಿಸಿ, ಅಂದರೆ ಯಾರು ಏನು ಮಾಡಬಹುದು ಎಂಬ ನಿಯಮ, ಬದಲಿಸುತ್ತ ಕುಳಿತೆ, ಕೈಸೋತಿತು. ಆಮೇಲೆ ಗುಂಪಿಗೇ ಪಾಲಿಸಿ ಕೊಟ್ಟು ನೋಡಿದೆ. ಕೆಲವರಿಗೆ ಅನ್ವಯವಾಯಿತು, ಕೆಲವರಿಗೆ ಇಲ್ಲ. ಏಕೆ?

ಉತ್ತರ: ನಿಮಗೆ ಬೇಸರವಾದರೂ ಹೇಳಲೇಬೇಕು, ಕೆಲವರಿಗೆ ಅನ್ವಯವಾಗದೇ ಇರಲು ಬಹುಮಟ್ಟಿಗೆ ನೀವು ಕುಳಿತು ಮಾಡಿದ ಆ ಕೆಲಸವೇ ಕಾರಣ. ಯಾರಿಗೆ ಯಾವ ಪಾಲಿಸಿ ಎಂದು ತೀರ್ಮಾನಿಸುವಾಗ ಟೀಮ್ಸ್ ಮೊದಲು ನೋಡುವುದು ಆ ವ್ಯಕ್ತಿಯ ಹೆಸರಿಗೆ ನೇರವಾಗಿ ಏನಾದರೂ ಕೊಟ್ಟಿದೆಯೇ ಎಂದು. ಕೊಟ್ಟಿದ್ದರೆ ಅಲ್ಲಿಗೆ ಮುಗಿಯಿತು, ಗುಂಪಿನ ಕಡೆ ತಿರುಗಿಯೂ ನೋಡುವುದಿಲ್ಲ. ನೇರವಾಗಿ ಕೊಟ್ಟದ್ದು ಇಲ್ಲದಿದ್ದರೆ ಗುಂಪಿನದು. ಅದೂ ಇಲ್ಲದಿದ್ದರೆ ಇಡೀ ಸಂಸ್ಥೆಗೆ ಇರುವ ಗ್ಲೋಬಲ್ ಪಾಲಿಸಿ. ನೀವು ಪುಟ ತೆರೆದು ಬದಲಿಸಿದ ಪ್ರತಿಯೊಬ್ಬರೂ ಈಗ ಗುಂಪಿನ ಕೈಗೆ ಸಿಗದವರಾಗಿದ್ದಾರೆ.

ಆದ್ದರಿಂದ ಮೊದಲ ಕೆಲಸ ಹಳೆಯದನ್ನು ಅಳಿಸುವುದು. ಇದಕ್ಕೆ ಪವರ್‌ಶೆಲ್, ಅಂದರೆ ಆಜ್ಞೆಗಳನ್ನು ಬರೆದು ಕೆಲಸ ಮಾಡಿಸುವ ಮೈಕ್ರೋಸಾಫ್ಟ್ ಸಲಕರಣೆ, ಬಳಸಬಹುದು. ಅದಕ್ಕೆ ಸೇರಿಸಿಕೊಳ್ಳುವ ಟೀಮ್ಸ್ ಮಾಡ್ಯೂಲ್‌ನಲ್ಲಿ, ಅನೇಕರ ಪಾಲಿಸಿಯನ್ನು ಒಟ್ಟಿಗೆ ಬದಲಿಸುವ ಬ್ಯಾಚ್ ಪಾಲಿಸಿ ಅಸೈನ್‌ಮೆಂಟ್ ಎಂಬ ಸೌಲಭ್ಯವಿದೆ. ಒಂದು ಬ್ಯಾಚಿಗೆ 5,000 ಬಳಕೆದಾರರವರೆಗೆ ಸೇರಿಸಬಹುದು, ಅಂದರೆ ನಿಮ್ಮ ಇಡೀ ಸಂಸ್ಥೆ ಒಂದೇ ಬ್ಯಾಚಿನಲ್ಲಿ ಹಿಡಿಯುತ್ತದೆ. ಇಮೇಲ್ ವಿಳಾಸಗಳ ಪಟ್ಟಿಯನ್ನು ಒಂದು ಕಡತದಲ್ಲಿ ಇಟ್ಟುಕೊಂಡರೆ ಸಾಕು. ಪಾಲಿಸಿಯ ಹೆಸರು ಬರೆಯಬೇಕಾದ ಜಾಗದಲ್ಲಿ ಹೆಸರಿನ ಬದಲು ಶೂನ್ಯ ಮೌಲ್ಯ, ಅಂದರೆ ‘$null’, ಕೊಟ್ಟರೆ ನೇರವಾಗಿ ಕೊಟ್ಟ ಪಾಲಿಸಿ ಕಳಚಿಕೊಳ್ಳುತ್ತದೆ.

ಆಜ್ಞೆ ಕೊಟ್ಟ ಕೂಡಲೇ ಒಂದು ಆಪರೇಷನ್ ಐಡಿ ಬರುತ್ತದೆ. ಅದನ್ನು ಎತ್ತಿಟ್ಟುಕೊಳ್ಳಿ. ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ, ಅದು ಎಲ್ಲಿಯವರೆಗೆ ಬಂತು ಎಂದು ಕೇಳಬೇಕಾದರೆ ಈ ಐಡಿಯೇ ಆಧಾರ. ‘ಕಂಪ್ಲೀಟೆಡ್’ ಎಂದು ತೋರಿಸಿದ ಮಾತ್ರಕ್ಕೆ ಎಲ್ಲರಿಗೂ ಆಯಿತೆಂದು ನಂಬಬೇಡಿ. ಬ್ಯಾಚ್ ಮುಗಿದಿದೆ ಎಂದಷ್ಟೇ ಅದರ ಅರ್ಥ. ಪಕ್ಕದಲ್ಲೇ ದೋಷಗಳ ಸಂಖ್ಯೆ ಇರುತ್ತದೆ, ಒಬ್ಬೊಬ್ಬರಿಗೂ ಏನಾಯಿತು ಎಂಬ ವಿವರವೂ ಸಿಗುತ್ತದೆ. ಇಮೇಲ್‌ನಲ್ಲಿ ಒಂದಕ್ಷರ ತಪ್ಪಿದವರು, ಕೆಲಸ ಬಿಟ್ಟು ಹೋದವರು ಸಿಕ್ಕಿಬೀಳುವುದು ಅಲ್ಲೇ. ಒಂದು ಬ್ಯಾಚ್ ಮುಗಿಯುವ ಮುನ್ನ ಮೇಲಿಂದ ಮೇಲೆ ಇನ್ನಷ್ಟು ಬ್ಯಾಚ್‌ಗಳನ್ನು ತಳ್ಳುವುದೂ ಬೇಡ.

ಇಷ್ಟಾದ ಮೇಲೆ ಮೂರು ಸಾವಿರ ಮಂದಿಗೆ ಮತ್ತೆ ಏನನ್ನಾದರೂ ಹಂಚಬೇಕೇ? ಬೇಡವೇ ಬೇಡ. ಗ್ಲೋಬಲ್ ಪಾಲಿಸಿಯಲ್ಲೇ ರೆಕಾರ್ಡಿಂಗ್ ನಿಲ್ಲಿಸಿಬಿಡಿ. ಅನೇಕ ಅಡ್ಮಿನ್‌ಗಳಿಗೆ ಗ್ಲೋಬಲ್ ಮುಟ್ಟಲು ಏನೋ ಅಂಜಿಕೆ. ಅದನ್ನು ಹಾಗೇ ಬಿಟ್ಟು, ‘ಸಿಬ್ಬಂದಿ ಹೊಸದು’, ‘ಸಿಬ್ಬಂದಿ ಅಂತಿಮ’, ‘ಸಿಬ್ಬಂದಿ ಅಂತಿಮ 2’ ಎಂದು ಪಾಲಿಸಿಗಳನ್ನು ಹೆರುತ್ತಾ ಹೋಗುತ್ತಾರೆ. ನಾಳೆ ಸೇರುವ ಹೊಸಬರ ಖಾತೆಗೆ ತಾನಾಗಿ ಬರುವುದು ಗ್ಲೋಬಲ್ ಮಾತ್ರ. ಅದು ಸಡಿಲವಾಗಿದ್ದರೆ ಪ್ರತಿ ನೇಮಕಾತಿಗೂ ಒಂದು ಕಿಂಡಿ ತೆರೆದಂತೆಯೇ. ಬಿಗಿಯಾದದ್ದು ಗ್ಲೋಬಲ್, ಸಡಿಲವಾದದ್ದು ವ್ಯವಸ್ಥಾಪಕರ ಗುಂಪಿಗೆ ಕೊಡುವ ಒಂದೇ ಒಂದು ಪಾಲಿಸಿ. ಎರಡಕ್ಕಿಂತ ಹೆಚ್ಚು ನಿಮಗೆ ಬೇಕಾಗಿಲ್ಲ.

ಕ್ರಮ ಮಾತ್ರ ತಪ್ಪಬಾರದು. ವ್ಯವಸ್ಥಾಪಕರ ಗುಂಪಿಗೆ ಪಾಲಿಸಿ ಕೊಟ್ಟು, ಅದು ತಲುಪಿದೆ ಎಂದು ಖಚಿತವಾದ ಮೇಲೆಯೇ ಗ್ಲೋಬಲ್ ಬಿಗಿಮಾಡಿ. ಹಿಂದುಮುಂದಾದರೆ ನಡುವೆ ಯಾರಿಗೂ ರೆಕಾರ್ಡ್ ಮಾಡಲಾಗದ ಒಂದು ದಿನ ಬರುತ್ತದೆ, ಆ ದಿನವೇ ಆಡಳಿತ ಮಂಡಳಿಯ ಸಭೆ ಇರುತ್ತದೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರೇ ‘ಲೆಕ್ಕಪತ್ರ’ ಮತ್ತು ‘ವ್ಯವಸ್ಥಾಪಕರು’ ಎರಡೂ ಗುಂಪುಗಳಲ್ಲಿದ್ದಾರೆ. ಎರಡಕ್ಕೂ ಬೇರೆಬೇರೆ ಮೀಟಿಂಗ್ ಪಾಲಿಸಿ ಇದೆ. ಯಾವುದು ನಡೆಯುತ್ತದೆ? ಎರಡೂ ಬೆರೆಯುತ್ತವೆಯೇ?

ಉತ್ತರ: ಬೆರೆಯುವುದಿಲ್ಲ. ಒಂದು ಬಗೆಯ ಪಾಲಿಸಿಯಲ್ಲಿ ಒಬ್ಬರಿಗೆ ಒಂದೇ. ಗುಂಪಿಗೆ ಪಾಲಿಸಿ ಕೊಡುವಾಗ ರ‍್ಯಾಂಕ್ ಕೇಳುತ್ತದಲ್ಲ, ಅದು ಈ ಜಗಳ ತೀರಿಸುವುದಕ್ಕೇ ಇರುವುದು. 1 ಎಂಬುದು ಎಲ್ಲಕ್ಕಿಂತ ಮೇಲು. ಕಣ್ಣುಮುಚ್ಚಿ ಸಿಕ್ಕ ರ‍್ಯಾಂಕ್ ಒಪ್ಪಿಕೊಂಡವರಿಗೆ ಇಂಥ ಪ್ರಶ್ನೆ ಬಂದೇ ಬರುತ್ತದೆ.

ಇದರ ಜೊತೆಗೆ ಇನ್ನೊಂದು: ಗುಂಪಿನೊಳಗೆ ಗುಂಪನ್ನು ಸೇರಿಸಿದ್ದೀರಾ? ಪಾಲಿಸಿ ನೇರ ಸದಸ್ಯರಿಗಷ್ಟೇ ಇಳಿಯುತ್ತದೆ, ಒಳಗುಂಪಿನವರಿಗೆ ಇಲ್ಲ. ಪ್ರಾದೇಶಿಕ ಗುಂಪುಗಳನ್ನೆಲ್ಲ ಒಂದು ದೊಡ್ಡ ಗುಂಪಿಗೆ ತುಂಬಿ ನಿಶ್ಚಿಂತೆಯಾಗಿರುವವರು ಇದನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಒಬ್ಬ ವ್ಯಕ್ತಿಗೆ ಈಗ ನಡೆಯುತ್ತಿರುವ ಪಾಲಿಸಿ ಯಾವುದು, ಅದು ನೇರವಾಗಿ ಬಂದದ್ದೋ ಗುಂಪಿನಿಂದ ಬಂದದ್ದೋ ಎಂದು ತೋರಿಸುವ ಆಜ್ಞೆಯೂ ಪವರ್‌ಶೆಲ್‌ನಲ್ಲಿದೆ. ಊಹೆಯ ಮೇಲೆ ವಾದಿಸುವುದಕ್ಕಿಂತ ಅದನ್ನು ಓಡಿಸಿ ನೋಡುವುದು ಬೇಗ ಮುಗಿಯುತ್ತದೆ.

ಪ್ರಶ್ನೆ: ನಿನ್ನೆ ಸಂಜೆ ಗುಂಪಿಗೆ ಪಾಲಿಸಿ ಕೊಟ್ಟೆ. ಇವತ್ತು ಬೆಳಿಗ್ಗೆಯೂ ಏನೂ ಬದಲಾಗಿಲ್ಲ. ಮತ್ತೆ ಕೊಡಲೇ?

ಉತ್ತರ: ಕೊಡಬೇಡಿ. ಗುಂಪಿನ ಮೂಲಕ ಕೊಟ್ಟದ್ದು ಎಲ್ಲರಿಗೂ ತಲುಪಲು 24 ಗಂಟೆಯವರೆಗೆ ಹಿಡಿಯಬಹುದು. ಅವಸರಕ್ಕೆ ಒಂದಿಬ್ಬರಿಗೆ ನೇರವಾಗಿ ಹಚ್ಚಿಬಿಡುವ ಆಸೆ ಹುಟ್ಟುವುದು ಈ ಹೊತ್ತಿನಲ್ಲಿಯೇ. ಹಚ್ಚಿದರೆ ಮೇಲಿನ ಮೊದಲ ಪತ್ರ ಬರೆದವರ ಸಾಲಿಗೆ ಸೇರುತ್ತೀರಿ.

ಪ್ರಶ್ನೆ: ಪಾಲಿಸಿಯಲ್ಲಿ ಅನುಮತಿ ಇದ್ದರೂ ನಮ್ಮ ವ್ಯವಸ್ಥಾಪಕರೊಬ್ಬರಿಗೆ ಕೆಲವು ಸಭೆಗಳಲ್ಲಿ ರೆಕಾರ್ಡ್ ಮಾಡಲಾಗುತ್ತಿಲ್ಲ. ದೂರು ದಿನವೂ ಬರುತ್ತಿದೆ.

ಉತ್ತರ: ಆ ಸಭೆಗಳನ್ನು ಕರೆದವರು ಯಾರು ಎಂದು ವಿಚಾರಿಸಿ. ರೆಕಾರ್ಡ್ ಗುಂಡಿ ಒತ್ತುವವರಿಗೆ ಮಾತ್ರವಲ್ಲ, ಸಭೆ ಏರ್ಪಡಿಸಿದವರಿಗೂ ಅನುಮತಿ ಇರಬೇಕು. ಅನುಮತಿಯಿಲ್ಲದ ಸಹಾಯಕರ ಖಾತೆಯಿಂದ ಆಹ್ವಾನ ಹೋಗಿದ್ದರೆ ವ್ಯವಸ್ಥಾಪಕರು ಎಷ್ಟೇ ದೊಡ್ಡವರಾದರೂ ಏನೂ ನಡೆಯದು. ಅಂಥ ಆಹ್ವಾನಗಳು ಅವರ ಖಾತೆಯಿಂದಲೇ ಹೋಗಲಿ, ಇಲ್ಲವೇ ಆ ಸಹಾಯಕರನ್ನೂ ಗುಂಪಿಗೆ ಸೇರಿಸಿ.