ಎದೆಯಲ್ಲಿ ನೀರು: ಸೂಜಿಗೆ ಹೆದರಬೇಕೆ?

ಪ್ರಶ್ನೆ: ತಂದೆಗೆ 58 ವರ್ಷ. ಮೂರು ವಾರದಿಂದ ಒಣಕೆಮ್ಮು, ಸಂಜೆಯಾದರೆ ಜ್ವರ. ಎಕ್ಸ್‌ರೇ ರಿಪೋರ್ಟಿನಲ್ಲಿ ‘ಬಲಗಡೆ ಕಾಸ್ಟೋಫ್ರೆನಿಕ್ ಆ್ಯಂಗಲ್ ಬ್ಲಂಟಿಂಗ್, ಪ್ಲೂರಲ್ ಎಫ್ಯೂಶನ್’ ಎಂದಿದೆ. ಸೂಜಿ ಹಾಕಿ ನೀರು ತೆಗೆಯಬೇಕಂತೆ. ಒಮ್ಮೆ ತೆಗೆದರೆ ಮತ್ತೆ ಮತ್ತೆ ತುಂಬುತ್ತದೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಇದು ಕ್ಯಾನ್ಸರೇ?
– ಓದುಗರು, ಹಾಸನ

ಉತ್ತರ: ರಿಪೋರ್ಟಿನ ಆ ಮಾತು ಕಾಯಿಲೆಯ ಹೆಸರಲ್ಲ. ಪಕ್ಕೆಲುಬು ಮತ್ತು ವಪೆ ಕೂಡುವ ಮೂಲೆ ಎಕ್ಸ್‌ರೇಯಲ್ಲಿ ಚೂಪಾಗಿ ಕಾಣಬೇಕು. ನೀರು ನಿಂತಾಗ ಮೊಂಡಾಗುತ್ತದೆ. ಶ್ವಾಸಕೋಶದ ಹೊದಿಕೆಯ ಎರಡು ಪದರಗಳ ನಡುವೆ ಎಲ್ಲರಿಗೂ ಒಂದೆರಡು ಚಮಚ ದ್ರವ ಇದ್ದೇ ಇರುತ್ತದೆ. ಅದು ಹೆಚ್ಚಾಗಿ ನಿಲ್ಲುವುದೇ ಪ್ಲೂರಲ್ ಎಫ್ಯೂಶನ್. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಮೂಲೆ ಮೊಂಡಾಗಬೇಕಾದರೆ ಸುಮಾರು 200 ಮಿ.ಲೀ. ಸೇರಿರಬೇಕು.

ಏಕೆ ಸೇರಿತು ಎಂಬುದನ್ನು ಆ ನೀರೇ ಹೇಳಬೇಕು. ಹಾಗಾಗಿ ತೆಗೆಸಿ. ಮತ್ತೆ ತುಂಬುವುದು ಸೂಜಿಯ ದೆಸೆಯಿಂದಲ್ಲ, ಮೂಲ ಕಾಯಿಲೆಗೆ ಮದ್ದು ಬೀಳದಿದ್ದರೆ.

ಮುಂದೆ ಮೇಜಿಟ್ಟು, ದಿಂಬಿನ ಮೇಲೆ ಕೈಯೂರಿ ಬಾಗಿ ಕೂರಿಸುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಜಾಗ ಗುರುತಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಪಕ್ಕೆಲುಬಿನ ಮೇಲಂಚಿಗೆ ಒತ್ತಿಕೊಂಡೇ ಸೂಜಿ ಇಳಿಸುತ್ತಾರೆ. ಕೆಳಂಚಿನಲ್ಲಿ ರಕ್ತನಾಳ, ನರ ಇರುತ್ತವೆ. ಒಂದೇ ಸಲಕ್ಕೆ ಸಾಮಾನ್ಯವಾಗಿ ಒಂದೂವರೆ ಲೀಟರ್ ದಾಟಿಸುವುದಿಲ್ಲ. ಮುದುಡಿದ್ದ ಶ್ವಾಸಕೋಶ ಗಬಕ್ಕನೆ ಅರಳಿದರೆ ಅದರೊಳಗೇ ನೀರೂರಬಹುದು. ನಡುವೆ ಎದೆ ಬಿಗಿದರೆ, ಕೆಮ್ಮು ಒತ್ತರಿಸಿ ಬಂದರೆ ತಂದೆಯವರು ಕೂಡಲೇ ಹೇಳಲಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ.

ಎಡವಟ್ಟು ಆಗುವುದು ಹೆಚ್ಚಾಗಿ ಲ್ಯಾಬ್ ಚೀಟಿಯಲ್ಲಿ. ಪ್ರೋಟೀನ್, ಎಲ್‌ಡಿಎಚ್ (ಜೀವಕೋಶಗಳಿಗೆ ಪೆಟ್ಟಾದಾಗ ಏರುವ ಕಿಣ್ವ), ಸಕ್ಕರೆ, ಜೀವಕೋಶಗಳ ಎಣಿಕೆ, ಎಡಿಎ (ಟಿಬಿಯಲ್ಲಿ ಏರುವ ಕಿಣ್ವ), ಕಲ್ಚರ್ (ರೋಗಾಣು ಬೆಳೆಸಿ ನೋಡುವುದು), ಟಿಬಿಯ ಸಿಬಿನಾಟ್ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ), ಸೈಟಾಲಜಿ (ಕ್ಯಾನ್ಸರ್ ಕೋಶ ಹುಡುಕುವ ಪರೀಕ್ಷೆ) ಇವೆಯೇ ನೋಡಿ. ಅದೇ ದಿನ ರಕ್ತದ ಪ್ರೋಟೀನ್, ಎಲ್‌ಡಿಎಚ್ ಕೂಡ ಬೇಕು. ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ನೀರಿನ ಪ್ರೋಟೀನ್ ರಕ್ತದ್ದರ ಅರ್ಧಕ್ಕಿಂತ ಹೆಚ್ಚಿದ್ದರೆ, ಅಥವಾ ಎಲ್‌ಡಿಎಚ್ 0.6 ಪಾಲು ಮೀರಿದ್ದರೆ, ಸೋಂಕು, ಟಿಬಿ, ಕ್ಯಾನ್ಸರ್ ಕಡೆ ನೋಡುತ್ತಾರೆ. ಕಡಿಮೆಯಿದ್ದರೆ ಹೃದಯ, ಲಿವರ್, ಕಿಡ್ನಿ ಕಡೆ.

ಸಂಜೆ ಜ್ವರ, ಒಂದೇ ಪಕ್ಕದ ನೀರು ಎಂದರೆ ನಮ್ಮಲ್ಲಿ ಮೊದಲ ಅನುಮಾನ ಟಿಬಿಯ ಮೇಲೆಯೇ. ನೀರಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಹೆಚ್ಚಿದ್ದು ಎಡಿಎ 40 ದಾಟಿದರೆ ಅನುಮಾನ ಬಲವಾಗುತ್ತದೆ. ಸಿಬಿನಾಟ್ ನೆಗೆಟಿವ್ ಬಂತೆಂದು ಟಿಬಿಯನ್ನು ಕೈಬಿಡುವಂತಿಲ್ಲ, ಈ ನೀರಿನಲ್ಲಿ ರೋಗಾಣು ಸಿಗುವುದೇ ಅಪರೂಪ. ಟಿಬಿ ಎಂದಾದರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕ್ಯಾನ್ಸರ್ ಅಲ್ಲವೆಂದು ಈಗಲೇ ಹೇಳಲಾಗದು. ಸೈಟಾಲಜಿ ಒಮ್ಮೆ ನೆಗೆಟಿವ್ ಬಂದರೂ ಅನುಮಾನ ಉಳಿದರೆ ಸಿಟಿ, ಹೊದಿಕೆಯ ಬಯಾಪ್ಸಿ ಮಾಡಿಸುತ್ತಾರೆ.

ಬಂದದ್ದು ಕೀವಾದರೆ ಸೂಜಿ ಸಾಲದು, ಟ್ಯೂಬ್ ಹಾಕಬೇಕು. ಮಲಗಿದರೆ ಉಸಿರು ಕಟ್ಟುವುದು, ತುಟಿ ನೀಲಿಗಟ್ಟುವುದು ಕಂಡರೆ ಅಪಾಯಿಂಟ್‌ಮೆಂಟಿನ ದಿನಕ್ಕೆ ಕಾಯದೆ ಎಮರ್ಜೆನ್ಸಿಗೆ ಕರೆದೊಯ್ಯಿರಿ.